ಅಕ್ಕನ ಹೆಸರು ಹೇಳಿ

ನನ್ನ ಅಕ್ಕ ಸಾಧು ಹೆಂಗಸಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವಳು ತೀರಿಕೊಂಡ ಮೇಲೆ ನಮ್ಮ ಬೀದಿಯವರು ಅವಳನ್ನು ಬೆಣ್ಣೆಯಂಥ ಮನಸ್ಸಿನವಳು, ಊರಿಗೇ ತಾಯಿಯಂತಿದ್ದವಳು ಎಂದೆಲ್ಲ ಹೇಳತೊಡಗಿದ್ದಾರೆ. ಬದುಕಿದ್ದಾಗ ಅವಳ ಬಾಯಿಗೆ ಹೆದರಿ ಇದೇ ಜನ ಬೀದಿಯ ಆಚೆ ಬದಿ ಹಿಡಿದು ನಡೆಯುತ್ತಿದ್ದರು. ಕೊನೆಯ ಆರು ತಿಂಗಳು ಅವಳ ಕೈಯ ನೀರನ್ನೂ ಮುಟ್ಟದೆ ಇದ್ದವರು ಇವರೇ. ಈಗ ಹೊಗಳುವುದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಆದರೆ ಉರಿಯುವ ಹಕ್ಕು ನನಗಿಲ್ಲ. ಏಕೆ ಇಲ್ಲ ಎಂಬುದನ್ನು ಬರೆಯಲೆಂದೇ ಕುಳಿತಿದ್ದೇನೆ.

ನಾನು ಓದಿದವನಲ್ಲ. ಊರ ತಿಣ್ಣೆ ಜಗಲಿಯ ಮೇಲೆ ನಡೆಯುತ್ತಿದ್ದ ತಮಿಳು ಶಾಲೆಯಲ್ಲಿ ಎರಡು ವರ್ಷ ಮರಳಿನಲ್ಲಿ ಅಕ್ಷರ ತಿದ್ದಿದೆ, ಅಷ್ಟೇ. ನಮ್ಮ ಮನೆಮಾತಾದ ಕನ್ನಡಕ್ಕೆ ಅಕ್ಷರವಿದೆ, ಅದನ್ನು ಬರೆಯಬಹುದು ಎಂಬುದೇ ನನಗೆ ಹೋದ ವರ್ಷದವರೆಗೆ ಗೊತ್ತಿರಲಿಲ್ಲ. ಅದನ್ನು ಕಲಿಸಿದವರು ಯಾರೆಂದು ಮುಂದೆ ತಿಳಿಯುತ್ತದೆ.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಗಂಡ ಸತ್ತಾಗ ಅವಳಿಗೆ ಇಪ್ಪತ್ತೂ ತುಂಬಿರಲಿಲ್ಲ. ತವರಿಗೆ ಬಂದಳು, ಅದೇ ವರ್ಷ ಅವ್ವ ಹೋದಳು, ನನ್ನನ್ನು ಸಾಕುವುದು ಇವಳ ಪಾಲಿಗೆ ಬಿತ್ತು. ತಮಿಳು ಸೀಮೆಯ ಕಂಬಂ ಪೇಟೆಯ ಹತ್ತಿರದ ನಮ್ಮ ಊರಿನಲ್ಲಿ ಅವಳನ್ನು ಹೆಸರಿನಿಂದ ಕರೆಯುವವರೇ ಉಳಿದಿರಲಿಲ್ಲ. ಎಲ್ಲರಿಗೂ ಅಕ್ಕ. ಅವಳಿಗಿಂತ ಹಿರಿಯರೂ ಅಕ್ಕ ಎಂದೇ ಕರೆಯುತ್ತಿದ್ದರು.

ಊಟಕ್ಕೆ ಮೊದಲು ಬೀದಿ ಬಾಗಿಲಲ್ಲಿ ನಿಂತು ಎರಡೂ ಕಡೆ ನೋಡುವುದು ಅವಳ ಅಭ್ಯಾಸ. ಹಸಿದ ಮುಖ ಕಂಡರೆ ಕರೆಯುತ್ತಿದ್ದಳು. ಕರೆಯುವುದೂ ಬೈದ ಹಾಗೆಯೇ ಇರುತ್ತಿತ್ತು.

“ಏಯ್, ಅಲ್ಲೇನು ಕಂಬದಂಗೆ ನಿಂತಿದೀಯ? ನಿಂಗೆ ವಯಿರು ಇಲ್ವಾ, ಹಸಿಯಲ್ವಾ? ಬಾ ಇತ್ತ!”

ಉಂಡವನು ಎದ್ದು ಕೈ ಮುಗಿದರೆ ಇನ್ನೂ ಸಿಟ್ಟು. “ಪೋದುಂ, ಸಾಕು ಹೋಗು. ಉಂಡಿದ್ದು ನಿನ್ನ ಹೊಟ್ಟೆಗೆ. ನಂಗ್ಯಾಕೆ ಕುಂಬಿಡು?”

ಮನೆಯೊಳಗೆ ಮಾತ್ರ ಕೈ ಬಿಗಿ. ಎಣ್ಣೆಯನ್ನು ಹನಿ ಹನಿಯಾಗಿ ಬಿಡುತ್ತಿದ್ದಳು. “ನಿಮ್ಮಕ್ಕ ಊರಿಗೆಲ್ಲ ಕರೆದು ಸೋರು ಬಡಿಸ್ತಾಳೆ. ನನ್ನ ತಲೆಗೆ ಎಣ್ಣೆ ಕೇಳಿದ್ರೆ ಜಡೆ ಉದ್ದ ನೋಡಿ ಅಳೀತಾಳೆ” ಎಂದು ನನ್ನ ಹೆಂಡತಿ ಗೊಣಗದ ವಾರವಿರಲಿಲ್ಲ. ಇಬ್ಬರಿಗೂ ಆಗುತ್ತಿರಲಿಲ್ಲ. ಆದರೆ ಹೆಂಡತಿಗೆ ಹೆರಿಗೆಯಾದ ನಾಲ್ಕು ಸಲವೂ ಅಕ್ಕ ಕೋಣೆಯ ಹೊಸ್ತಿಲು ಬಿಟ್ಟು ಕದಲಲಿಲ್ಲ.

ಪೆರಿಯಾರ್ ಹೊಳೆಯ ನೀರು ಬೆಟ್ಟ ಕೊರೆದ ಸುರಂಗದಿಂದ ನಮ್ಮ ಕಣಿವೆಗೆ ಇಳಿದು, ನಾನು ಹೇಳುವ ವರ್ಷಕ್ಕೆ, ಮೂರು ವರ್ಷವಾಗಿತ್ತು. ಕಂಬು, ಜೋಳ ಬಿತ್ತಿ ಮುಗಿಲು ನೋಡುತ್ತಿದ್ದವರು ನಾವು ಎರಡು ಬೆಳೆ ಭತ್ತ ತೆಗೆಯತೊಡಗಿದ್ದೆವು. ನೀರು ಬಂತು, ಕೈಗಳು ಬರಲಿಲ್ಲ. ನಾಟಿಯ ಕಾಲಕ್ಕೆ ಎಲ್ಲರ ಗದ್ದೆಯೂ ಒಟ್ಟಿಗೇ ಕರೆಯುತ್ತಿತ್ತು. ಕೂಲಿಯ ಹೆಂಗಸರು ಹೆಚ್ಚು ಭತ್ತ ಕೇಳಿದರು. ಕೇಳಿದ್ದು ನ್ಯಾಯವೇ. ಆದರೆ ಕೊಡುವವನಿಗೆ ನ್ಯಾಯ ಬೇಗ ಕಾಣುವುದಿಲ್ಲ.

ಆ ವರ್ಷ ಐಪ್ಪಸಿ ತಿಂಗಳಲ್ಲಿ ನನ್ನ ಸಸಿಮಡಿ ಬಲಿಯುತ್ತಿತ್ತು, ಆಳಿಲ್ಲ. ಎತ್ತಿನ ಹಗ್ಗ ತರಲು ತೇನಿ ಸಂತೆಗೆ ಹೋಗಿದ್ದೆ. ಹುಣಿಸೆ ಮರದ ಕೆಳಗೆ ಎರಡು ಗಾಡಿ, ಹದಿನಾಲ್ಕು ಜನ. ಒಬ್ಬ ಹೆಂಗಸು ತನ್ನ ಮುದಿ ಮಾವನಿಗೆ ಏನೋ ಹೇಳುತ್ತಿದ್ದಳು. ಕೇಳಿದವನೇ ನಿಂತುಬಿಟ್ಟೆ. ಕನ್ನಡ! ನಮ್ಮ ಕನ್ನಡವಲ್ಲ, ರಾಗ ಬೇರೆ. ಆದರೂ ಕನ್ನಡವೇ.

“ಎಲ್ಲಿಯವ್ರು?” ಎಂದೆ.

ಮುದುಕ ಎದ್ದು ನಿಂತ. “ಮೈಸೂರು ಕಡೆ ಸ್ವಾಮಿ. ಊರಿಗೆ ಮಾರಿ ಬಂತು. ಮೊದ್ಲು ಇಲಿ ಬಿದ್ವು, ಆಮ್ಯಾಕೆ ಜನ. ನನ್ನ ಮಗನೂ ಹೋದ.”

“ಯಾವೂರಿಗೆ ಹೊರಟ್ರಿ?”

“ಇರು ಅಂದ ಊರಿಗೆ.”

ಯಾರೂ ಇರು ಎಂದಿರಲಿಲ್ಲ. ಒಡ್ಡನ್‌ಛತ್ರದ ಹತ್ತಿರ ಒಂದು ಕೆರೆಯಲ್ಲಿ ನೀರು ಕುಡಿಯಗೊಡಲಿಲ್ಲವಂತೆ. ದಿಂಡಿಗಲ್ಲಿನಲ್ಲಿ ಕೆಮ್ಮಿದವರನ್ನೆಲ್ಲ ಹಿಡಿದು ಕೂಡಿಹಾಕುತ್ತಾರೆಂದು ಹೆದರಿ ಮುಂದಕ್ಕೆ ಬಂದಿದ್ದರು. ಕಂಬಂ ಕಣಿವೆಯಲ್ಲಿ ಕನ್ನಡದ ಮಂದಿ ಇದ್ದಾರೆಂದು ಯಾರೋ ಹೇಳಿದ್ದರಂತೆ.

ನನಗೆ ಎದೆ ತುಂಬಿ ಬಂದದ್ದು ಸುಳ್ಳಲ್ಲ. ಅದೇ ಗಳಿಗೆಯಲ್ಲಿ ಅವರಲ್ಲಿ ನಾಟಿಗೆ ಇಳಿಯಬಲ್ಲವರು ಎಷ್ಟು ಜನ ಎಂದು ನೋಡಿಕೊಂಡದ್ದೂ ಸುಳ್ಳಲ್ಲ.

ಇಲ್ಲಿ ನಮ್ಮವರ ಒಂದು ವಿಚಾರ ಹೇಳಬೇಕು. ನಮ್ಮ ಊರಿನ ಮಟ್ಟಿಗೆ ಮನೆಯಲ್ಲಿ ಕನ್ನಡ ಆಡುವವರೆಂದರೆ ನಮ್ಮ ಕುಲದವರು ಮಾತ್ರ. ಎಷ್ಟು ತಲೆಮಾರಿನಿಂದಲೋ ಹೀಗೇ. ಕನ್ನಡವೆಂದರೆ ನಮಗೆ ಮಾತಲ್ಲ, ಜಾತಿ. ಆ ನಾಡಿನಲ್ಲಿ ಕುಂಬಾರನೂ ಕನ್ನಡ ಆಡುತ್ತಾನೆ, ಅಗಸನೂ ಆಡುತ್ತಾನೆ ಎಂಬುದು ನಮ್ಮ ತಲೆಗೆ ಹೊಳೆಯುವ ಸಂಗತಿಯೇ ಅಲ್ಲ.

ಅಕ್ಕನಿಗೆ ಹೊಳೆಯಿತು. ಗಾಡಿಗಳು ಮನೆ ಮುಂದೆ ನಿಂತಾಗ ಅವಳು ಸೌಟು ಹಿಡಿದೇ ಹೊರಗೆ ಬಂದಳು.

“ಯಾರು ತಂಬಿ ಇವ್ರು?”

“ನಮ್ಮವ್ರೇ ಅಕ್ಕಾ. ಕನ್ನಡ ಮಾತಾಡ್ತಾರೆ.”

“ಕೇಳ್ದೆಯಾ?”

“ಕೇಳೋದೇನು?”

“ಸೋರು ನಾನು ಯಾರಿಗಾದ್ರೂ ಹಾಕ್ತೀನಿ. ಅದಕ್ಕೆ ಕುಲ ಬೇಡ. ಆದ್ರೆ ನಮ್ಮವ್ರು ಅಂತ ನಾಲ್ಕು ಜನಕ್ಕೆ ಹೇಳೋದಾದ್ರೆ ಕೇಳಿ ಹೇಳು. ಇಲ್ದಿದ್ರೆ ನಾಳೆ ಅದು ಅವ್ರ ತಲೆ ಮೇಲೆ ಬೀಳುತ್ತೆ.”

ನಾನು ಕೇಳಲಿಲ್ಲ. ಕೇಳಿದರೆ ಬೇರೆ ಉತ್ತರ ಬರಬಹುದೆಂಬ ಅಳುಕು ಎಲ್ಲೋ ಇತ್ತು. ನೇರ ನಮ್ಮ ಕುಲದ ಯಜಮಾನರಾದ ದೊಡ್ಡಯ್ಯನ ಮನೆಗೆ ಹೋಗಿ, “ನಮ್ಮ ಜನ, ಮೂಲದೂರಿಂದ ಓಡಿ ಬಂದವ್ರೆ” ಎಂದೆ. ದೊಡ್ಡಯ್ಯ ಕಣ್ಣೊರೆಸಿಕೊಂಡರು. ನಮ್ಮ ಹಿರಿಯರೂ ಹಾಗೆ ಬಂದವರೇ. ಒಬ್ಬ ದೊರೆಯ ಕಾಟ ತಾಳದೆ ಓಡಿದರಂತೆ, ಹೊಳೆ ತುಂಬಿ ಅಡ್ಡ ಬಂತಂತೆ, ದಡದ ಹೊಂಗೆ ಮರ ಬಾಗಿ ಸೇತುವೆಯಾಯಿತಂತೆ. ಅದಕ್ಕೇ ಇಂದಿಗೂ ನಾವು ಹೊಂಗೆಯನ್ನು ಕಡಿಯುವುದಿಲ್ಲ. ನಮ್ಮ ಪಂಚಾಯಿತಿಯೂ ಆ ಮರದ ಕೆಳಗೇ ಕೂಡುತ್ತದೆ.

ಅವರಿಗೆ ನಮ್ಮ ದನದ ಕೊಟ್ಟಿಗೆ ಬಿಡಾರವಾಯಿತು. ಮಾರಿ ಇರುವ ಸೀಮೆಯಿಂದ ಬಂದವರನ್ನು ಹತ್ತು ದಿನ ಬೆಳಗ್ಗೆ ಊರ ಅಧಿಕಾರಿಯಾದ ಮಣಿಯಗಾರರ ಮುಂದೆ ನಿಲ್ಲಿಸಬೇಕೆಂದು ಸರ್ಕಾರದ ಕಟ್ಟಳೆ. ಕಂಕುಳಲ್ಲಿ ಗಡ್ಡೆ ಇದೆಯೇ ಎಂದು ನೋಡುತ್ತಿದ್ದರು. ಹತ್ತು ದಿನವೂ ಅಕ್ಕ ಜೊತೆಗೆ ಹೋದಳು. ಮೊದಲ ದಿನ ಮಣಿಯಗಾರರು ಹೆಂಗಸರಿಗೂ ಕೈ ಎತ್ತಲು ಹೇಳಿದಾಗ ಅಕ್ಕ ಅಡ್ಡ ನಿಂತಳಂತೆ. “ನಾನು ನೋಡಿ ಹೇಳ್ತೀನಿ, ನೀವು ಬರ್ಕೊಳಿ. ನಿಮ್ಮ ಹೆಂಡ್ರನ್ನ ನನ್ನ ತಂಬಿ ಮುಂದೆ ನಿಲ್ಲಿಸ್ತೀರಾ?” ಹತ್ತು ದಿನವೂ ಅವಳು ಹೇಳಿದ್ದನ್ನೇ ಅವರು ಬರೆದುಕೊಂಡರು. ಯಾರಿಗೂ ಏನೂ ಆಗಲಿಲ್ಲ.

ನಾಟಿ ನಡೆಯಿತು. ಬಂದವರಿಗೆ ನಾನು ಊರ ಕೂಲಿಯ ಅರ್ಧ ಭತ್ತ ಅಳೆದೆ. ಹಸಿದು ಬಂದವರು, ಅಷ್ಟಕ್ಕೇ ಕೈಮುಗಿದರು. ಮಾರನೆಯ ವಾರ ಪಕ್ಕದ ಗದ್ದೆಯವರೂ ತಮ್ಮ ಕೂಲಿಯವರಿಗೆ ಅರ್ಧ ಎಂದರು. ಎಷ್ಟೋ ವರ್ಷದಿಂದ ನಮ್ಮಲ್ಲಿ ನಾಟಿ ಮಾಡುತ್ತಿದ್ದ ಹೆಂಗಸೊಬ್ಬಳು ಬದುವಿನ ಮೇಲೆ ನಿಂತು ಅಕ್ಕನಿಗೆ ತಮಿಳಿನಲ್ಲಿ ಹೇಳಿದಳು: “ನಿಮ್ಮ ಮನೆಗೆ ನೆಂಟರು ಬಂದರು ತಾಯಿ, ನಮ್ಮ ಮನೆಯ ಒಲೆ ಆರಿತು.”

ಆ ಸಂಜೆ ಅಕ್ಕ ನನ್ನ ತಟ್ಟೆಗೆ ಬಡಿಸಲಿಲ್ಲ. “ಎರಡು ಕೂಟಕ್ಕೂ ಒಂದೇ ಅಳತೆ ಅಳೆ. ಆಮೇಲೆ ಉಣ್ಣು.”

“ದಿಕ್ಕಿಲ್ದೆ ಬಂದವ್ರಿಗೆ ಅದೇ ಜಾಸ್ತಿ ಅಕ್ಕಾ.”

“ಇವ್ರಿಗೆ ಕಮ್ಮಿ ಕೊಟ್ರೆ ಅವ್ರು ಇವ್ರನ್ನ ಹೊಡೀತಾರೆ. ನಿನ್ನನ್ನ ಹೊಡೆಯಲ್ಲ. ನೀನು ಗದ್ದೆ ವರಪ್ಪಿನ ಮೇಲೆ ನಿಂತು ನೋಡ್ತೀಯ. ಅದು ನಿಂಗೆ ಗೊತ್ತಿದ್ದೇ ಮಾಡ್ತಿದೀಯ.”

ಗೊತ್ತಿತ್ತು. ಎದ್ದು ಹೆಂಡತಿಯ ಕೈಯಲ್ಲಿ ಬಡಿಸಿಕೊಂಡು ಉಂಡೆ. ಅಳತೆ ಬದಲಿಸಲಿಲ್ಲ.

ನಾಟಿ ಮುಗಿದ ಮೇಲೆ ಮುದುಕ ಊರಾಚೆ ಬಿದ್ದಿದ್ದ ಒಂದು ಹಳೆಯ ಕಲ್ಲುಗಾಣವನ್ನು ನೋಡಿ, ಎತ್ತಿಕೊಳ್ಳಬಹುದೇ ಎಂದು ಕೇಳಿದ. ಮರದ ಕೆಲಸವನ್ನೆಲ್ಲ ತಾವೇ ಮಾಡಿಕೊಂಡು, ತಮ್ಮ ಗಾಡಿಯ ಎತ್ತು ಕಟ್ಟಿ, ಹದಿನೈದು ದಿನದಲ್ಲಿ ಎಳ್ಳೆಣ್ಣೆ ತೆಗೆದರು. ಊರವರು ಬೆರಗಾದರು. ನಮ್ಮ ಕುಲದವರು ಗಾಣ ಆಡಿಸುವುದುಂಟೇ?

“ನಾವು ಗಾಣಿಗರಲ್ವಾ ಸ್ವಾಮಿ, ಇದೇ ನಮ್ಮ ಕಸುಬು” ಎಂದ ಮುದುಕ. ಅವನ ಮುಖದಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಯಾರಾದರೂ ಮೊದಲೇ ಕೇಳಿದ್ದರೆ ಮೊದಲೇ ಹೇಳುತ್ತಿದ್ದ.

ಇದು ದೊಡ್ಡಯ್ಯನವರಿಗೂ ಗೊತ್ತಾಯಿತು. ಎಲ್ಲರಿಗೂ ಗೊತ್ತಾಯಿತು. ಯಾರೂ ಮಾತೆತ್ತಲಿಲ್ಲ, ಏಕೆಂದರೆ ಎಣ್ಣೆ ಚೆನ್ನಾಗಿತ್ತು. ಹಿಂಡಿ ತಿಂದು ನನ್ನ ಹಸುಗಳ ಮೈ ಹೊಳೆಯತೊಡಗಿತು. ಎಣ್ಣೆಯ ಕೈ ಒರೆಸಿಕೊಂಡು ಮುದುಕ ಸಂಜೆ ಹೊತ್ತು ಗಾಣದ ಪಕ್ಕದ ಮರಳಿನಲ್ಲಿ ನನಗೆ ಕನ್ನಡ ಅಕ್ಷರ ತಿದ್ದಿಸುತ್ತಿದ್ದ. ಅವನ ಗಂಟಿನಲ್ಲಿ ಎರಡು ಅಚ್ಚಿನ ಪುಸ್ತಕಗಳಿದ್ದವು. ತಮಿಳು ಬಲ್ಲವನಿಗೆ ಕಷ್ಟವಾಗಲಿಲ್ಲ. ಈಗ ಬರೆಯುತ್ತಿರುವುದೂ ಆ ಪುಸ್ತಕಗಳ ಮಾತಿನಲ್ಲೇ.

ಊರಲ್ಲಿ ಮೊದಲಿಂದ ಚೆಕ್ಕು, ಅಂದರೆ ಎಣ್ಣೆಗಾಣ, ಇಟ್ಟಿದ್ದ ಚೆಟ್ಟಿಯಾರ್ ಮಾತ್ರ ಒಂದು ಬೆಳಗ್ಗೆ ನಮ್ಮ ತಿಣ್ಣೆಯ ಮೇಲೆ ಬಂದು ಕುಳಿತರು. ಅವರ ಎತ್ತು ನಿಂತು ಎಂಟು ದಿನವಾಗಿತ್ತು. ಜಗಳಕ್ಕೆ ಬಂದವರು ಅಳುವ ಹಾಗಿದ್ದರು. ಅಕ್ಕ ಮಜ್ಜಿಗೆ ಕೊಟ್ಟಳು. ಆಮೇಲೆ ಮನೆಮನೆಗೆ ಹೋಗಿ ಬೀದಿಯನ್ನೇ ಎರಡು ಭಾಗ ಮಾಡಿದಳು. ಮೂಡಲ ಸಾಲಿನ ಎಳ್ಳು ಚೆಟ್ಟಿಯಾರ್ ಚೆಕ್ಕಿಗೆ, ಪಡುವಲ ಸಾಲಿನದು ಹೊಸ ಗಾಣಕ್ಕೆ. ಒಪ್ಪದವರನ್ನು ಅವರ ಅಂಗಳದಲ್ಲೇ ನಿಂತು ಬೈದಳು. ಚೆಟ್ಟಿಯಾರ್ ಒಪ್ಪಿದರು. ಮುದುಕನೂ ಒಪ್ಪಿದ. ನನಗೆ ಇಂದಿಗೂ ಸಂಕಟವಾಗುವುದು ಇದಕ್ಕೆ. ಹೊಟ್ಟೆಪಾಡಿನ ಜಗಳವನ್ನು ಒಬ್ಬ ಓದದ ಹೆಂಗಸು ಒಂದೇ ದಿನದಲ್ಲಿ ತೀರಿಸಿದ್ದಳು. ಕೂಲಿಯ ಜಗಳವನ್ನೂ ತೀರಿಸುತ್ತಿದ್ದಳು, ನಾನು ಬಿಟ್ಟಿದ್ದರೆ.

ಪೊಂಗಲ್ ಬಂತು. ನಮ್ಮ ಕುಲಕ್ಕೆ ಒಂದು ದೇವರ ದನದ ಮಂದೆ ಇದೆ. ಅದರ ಹಾಲು ಮಾರುವುದಿಲ್ಲ, ಎತ್ತಿಗೆ ನೊಗ ಕಟ್ಟುವುದಿಲ್ಲ. ಮಾಟ್ಟುಪೊಂಗಲ್ ದಿನ ದೊಡ್ಡಿಯ ಮುಂದೆ ಸುತ್ತಲ ಊರುಗಳ ನಮ್ಮವರೆಲ್ಲ ಕೂಡಿ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ. ನಾನು ನಮ್ಮವರೆಂದು ಹೇಳಿದ್ದೆನಲ್ಲ, ಅವರೂ ಕುಳಿತಿದ್ದರು, ಗೊತ್ತಿದ್ದವರೂ ಏಳಿಸಲಿಲ್ಲ. ಅಕ್ಕ ಬಡಿಸುತ್ತಿದ್ದಳು. ಅಂದು ನನ್ನ ಹಿರಿಯ ಮಗಳನ್ನು ನೋಡಲು ಬಂದಿದ್ದ ಬೀಗರೂ ಇದ್ದರು. ಅವರು ಮುದುಕನ ಪಕ್ಕದಲ್ಲಿ ಕುಳಿತು ಮಾತಿಗೆ ಕೇಳಿದರು, ನಿಮ್ಮದು ಯಾವ ಬಳಿ, ಯಾವ ಮನೆತನ?

“ನಾವು ಗಾಣಿಗರು” ಎಂದ ಮುದುಕ.

ಬೀಗರು ಎಲೆ ಬಿಟ್ಟು ಎದ್ದರು.

ಮಾರನೆಯ ಬೆಳಗ್ಗೆ ಹೊಂಗೆಯ ಕೆಳಗೆ ಪಂಚಾಯಿತಿ. ಬೀಗರೂ ಕುಳಿತಿದ್ದರು. ಮಗಳ ಮದುವೆಯ ಮಾತು ಮುರಿಯುತ್ತದೋ ಉಳಿಯುತ್ತದೋ ಎಂಬುದೊಂದೇ ನನ್ನ ತಲೆಯಲ್ಲಿತ್ತು. ದೊಡ್ಡಯ್ಯ ಕೇಳಿದರು: “ಇವ್ರು ನಮ್ಮವ್ರು ಅಂತ ಹೇಳ್ದವ್ರು ಯಾರು?”

ಎರಡೂವರೆ ತಿಂಗಳ ಹಿಂದೆ ಅವರ ಮನೆಯ ಹಜಾರದಲ್ಲಿ ನಿಂತು ಹೇಳಿದವನು ನಾನು. ಕೇಳಿ ಕಣ್ಣೊರೆಸಿಕೊಂಡವರು ಅವರು. ಈಗ ಅವರು ನನ್ನನ್ನೇ ನೋಡುತ್ತಿದ್ದರು.

“ಮನೆಗೆ ಸೇರಿಸ್ಕೊಂಡಿದ್ದು ಅಕ್ಕ” ಎಂದೆ.

ಅಷ್ಟೇ ಹೇಳಿದ್ದು. ಅದರಲ್ಲಿ ಸುಳ್ಳಿಲ್ಲವೆಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ.

ಅಕ್ಕ ಹೆಂಗಸರ ನಡುವಿನಿಂದ ಎದ್ದು ನಿಂತಳು. ನನ್ನ ಕಡೆ ಒಂದು ಸಲ ನೋಡಿದಳು. ಬಾಲ್ಯದಲ್ಲಿ ನಾನು ಹಾಸಿಗೆ ಒದ್ದೆ ಮಾಡಿದಾಗ ಯಾರಿಗೂ ತಿಳಿಯದಂತೆ ಎತ್ತಿ ಒಗೆಯಲು ಹೋಗುತ್ತಿದ್ದಳಲ್ಲ, ಅದೇ ನೋಟ.

“ನಾನೇ ಹೇಳ್ದೆ. ಅವ್ನಿಗೇನು ಗೊತ್ತು” ಎಂದಳು. ಆಮೇಲೆ ಸುಮ್ಮನಿರಬೇಕಾಗಿತ್ತು. ಅವಳಿಗೆ ಅದು ಬರುತ್ತಿರಲಿಲ್ಲ. ತಲೆಯೆತ್ತಿ ಮರದ ಕಡೆ ಕೈ ತೋರಿಸಿ, “ಬಾಗೋ ಮೊದ್ಲು ಈ ಮರ ಕೇಳಿತ್ತಾ ದೊಡ್ಡಯ್ಯಾ, ನೀವು ಯಾವ ಬಳಿ ಅಂತ?” ಎಂದಳು.

ಯಾರೋ ನಕ್ಕರು. ಆ ನಗುವೇ ಅವಳಿಗೆ ಮುಳುವಾಯಿತು. ತಪ್ಪೊಪ್ಪಿದವಳನ್ನು ಬಿಟ್ಟರೂ ಬಿಡುತ್ತಿದ್ದರು, ನಗಿಸಿದವಳನ್ನು ಬಿಡಲಿಲ್ಲ. ಅವಳ ಕೈಯ ನೀರು, ಅನ್ನ ಯಾರೂ ಮುಟ್ಟಬಾರದು, ಅವಳು ಸಾಲಿಗೆ ಬರಬಾರದು. ಬಂದವರು ಮೂರು ದಿನದಲ್ಲಿ ಊರು ಬಿಡಬೇಕು. ನನಗೆ ಏನೂ ಇಲ್ಲ. ಬೀಗರು ಅಂದೇ ವೀಳ್ಯ ಬದಲಿಸಿ ಮದುವೆಯ ಮಾತು ಗಟ್ಟಿ ಮಾಡಿದರು.

ಗಾಡಿಗಳು ಹೊರಟಾಗ ಕೂಲಿಯ ಹೆಂಗಸರು ಬದುವಿನ ಮೇಲೆ ನಿಂತು ನೋಡಿದರು. ಅವರು ಗೆದ್ದಂತೆ ಕಾಣಲಿಲ್ಲ. ಅರ್ಧಕ್ಕೆ ಇಳಿದ ಅಳತೆಯನ್ನು ಯಾರೂ ಮತ್ತೆ ಏರಿಸಿರಲಿಲ್ಲ.

ಅವರು ಬಿಟ್ಟ ಕೊಟ್ಟಿಗೆಯಲ್ಲೇ ಅಕ್ಕ ಬೇರೆ ಒಲೆ ಹೂಡಿದಳು. ಉಣ್ಣುವ ಮೊದಲು ಬೀದಿ ಬಾಗಿಲಿಗೆ ಬರುವುದನ್ನು ನಿಲ್ಲಿಸಿದಳು. ಬಂದರೂ ಕರೆಯುವ ಹಾಗಿರಲಿಲ್ಲ. ನನ್ನನ್ನು ಬೈಯುವುದನ್ನೂ ನಿಲ್ಲಿಸಿದಳು. ಅದೇ ನನಗೆ ತಡೆಯದಾಯಿತು. ಬೈಯಲಿ ಎಂದು ಒಂದು ದಿನ ಹಾಲು ಕರೆಯದೆ ಕರುವಿಗೆ ಪೂರಾ ಬಿಟ್ಟೆ. ಅವಳು ನೋಡಿ, “ಕುಡೀಲಿ ಬಿಡು” ಎಂದಳು. ಒಂದು ಸಲ ಮಾತ್ರ ನಾನು, “ಅಕ್ಕಾ, ನಾನು ಪೋಯಿ ದೊಡ್ಡಯ್ಯನಿಗೆ ನಿಜ ಹೇಳ್ತೀನಿ” ಎಂದೆ.

“ಮಗಳ ಕಲ್ಯಾಣ ಮುಗೀಲಿ” ಎಂದಳು.

ಮದುವೆ ವೈಗಾಸಿ ತಿಂಗಳಲ್ಲಿ ಮುಗಿಯಿತು. ಅವಳು ಕೊಟ್ಟಿಗೆಯ ಬಾಗಿಲಿನಿಂದ ದಿಬ್ಬಣ ನೋಡಿದಳು. ಮದುವೆ ಮುಗಿದರೂ ನಾನು ಹೋಗಲಿಲ್ಲ. ಇಂದು, ನಾಳೆ ಎನ್ನುತ್ತಿದ್ದೆ. ಆಡಿ ತಿಂಗಳಲ್ಲಿ ಅಕ್ಕನಿಗೆ ಜ್ವರ ಬಂತು. ಐದನೆಯ ದಿನ ಮಧ್ಯಾಹ್ನ, ನಾನು ನೀರು ಕುಡಿಸುತ್ತಿದ್ದಾಗಲೇ, ಹೋದಳು.

ಹನ್ನೊಂದರ ದಿನ ದೊಡ್ಡಯ್ಯನ ಮುಂದೆ ನಿಂತು ಹೇಳಿದೆ. “ಅವ್ರು ನಮ್ಮವ್ರು ಅಂತ ಹೇಳಿದ್ದು ನಾನು. ಅಕ್ಕ ಅಲ್ಲ.”

ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. “ನನ್ಗೇ ತಾನೇಡಾ ಬಂದು ಹೇಳಿದ್ದು ನೀನು. ನಂಗೆ ಮರ್ತೋಗುತ್ತಾ? ಊರಿಗೇ ಗೊತ್ತು.”

“ಮತ್ತೆ ಅಕ್ಕನ ಮೇಲೆ ಯಾಕೆ?”

“ನಿನ್ನ ಮೇಲೆ ಹಾಕಿದ್ರೆ ನಿನ್ನ ಮಗಳು? ಅವ್ಳೇ ಎದ್ದು ತಲೆ ಕೊಟ್ಳು. ವಿಡು, ಮುಗೀತು.” ಎಲೆ ಬಾಯಿಗೆ ಹಾಕಿಕೊಂಡು ಹೇಳಿದರು: “ಐಪ್ಪಸಿ ಬರುತ್ತೆ. ಆಳು ಸಾಲಲ್ಲ. ಚೆಟ್ಟಿಯಾರ್ ಒಬ್ಬನೇ ಆದ ಮೇಲೆ ಎಣ್ಣೆಗೆ ಬಾಯಿಗೆ ಬಂದಷ್ಟು ಕೇಳ್ತಾನೆ. ಆ ಗಾಣಿಗರು ದಿಂಡಿಗಲ್ಲಿನ ತೊಗಲು ಮಂಡಿಲಿ ಇದ್ದಾರಂತೆ. ನೀನೇ ಹೋಗಿ ಕರ್ಕೊಂಡು ಬಾ. ಬೇರೆ ಸಾಲು ಹಾಕಿದ್ರೆ ಆಯ್ತು.”

ಉಗಿದು ಬರಬೇಕಾಗಿತ್ತು. ಐಪ್ಪಸಿ ಹತ್ತಿರವಾದಾಗ ನಾನು ದಿಂಡಿಗಲ್ಲಿಗೆ ಹೋದೆ. ನನ್ನ ಸಸಿಮಡಿಯೂ ಬೆಳೆಯುತ್ತಿತ್ತು.

ತೊಗಲು ಹದ ಮಾಡುವ ತೊಟ್ಟಿಗಳ ಹಿಂದೆ ಒಂದು ಗುಡಿಸಲು. ನಾತಕ್ಕೆ ಕಣ್ಣಲ್ಲಿ ನೀರು ಬರುತ್ತಿತ್ತು. ಮುದುಕ ಕೆಮ್ಮುತ್ತ ಮಲಗಿದ್ದ. ಸುಣ್ಣದ ನೀರಿನಲ್ಲಿ ಸೊಸೆಯ ಕೈಗಳು ಬಿರಿದು ಹೋಗಿದ್ದವು. ಅವಳು ನನ್ನನ್ನು ಗುರುತಿಸಿ ಎದ್ದಳು, ಆದರೆ ಕೂರಲು ಹೇಳಲಿಲ್ಲ. ನಾನು ಬಂದ ಕಾರಣ ಹೇಳಿದೆ. ಗಾಣ ಅಲ್ಲೇ ಇದೆ, ಕೊಟ್ಟಿಗೆ ಖಾಲಿ ಇದೆ ಎಂದೆ.

“ನಿಮ್ಮ ಊರಿಗೆ ನಾವು ಮತ್ತೆ ಬರಾಕಿಲ್ಲ” ಎಂದಳು. ಆಮೇಲೆ, ಬಿರಿದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೇಳಿದಳು: “ಅಕ್ಕಾರು ಕರೆದ್ರಾ?”

ಸತ್ತಳು ಎಂದರೆ ಅವರು ಬರುವುದಿಲ್ಲ. ಇದು ನನಗೆ ಆ ಕ್ಷಣದಲ್ಲಿ ಸ್ಪಷ್ಟವಾಗಿತ್ತು. ಯೋಚಿಸಲು ಹೊತ್ತೇ ಬೇಕಾಗಲಿಲ್ಲ.

“ಹೂಂ. ಅಕ್ಕನೇ ಕಳಿಸಿದಳು” ಎಂದೆ.

ಮುದುಕ ಎದ್ದು ಕುಳಿತ. “ಹಂಗಾದ್ರೆ ಹೋಗಾನ ಕಣವ್ವ” ಎಂದ.

ಮೂರು ದಿನದ ದಾರಿ. ಅಷ್ಟೂ ದಾರಿ ಅವರು ಅವಳ ಮಾತನ್ನೇ ಆಡಿದರು. ಬೀದಿ ಹಂಚಿದ್ದು, ಮಣಿಯಗಾರರನ್ನು ಬೈದದ್ದು, ರಾಗಿ ಬೀಸುವಾಗ ಕಲ್ಲು ಹಿಡಿಯಲು ಬಾರದೆಂದು ಸೊಸೆಯನ್ನು ಅಣಕಿಸಿದ್ದು. ನಾನು ಎತ್ತುಗಳ ಪಕ್ಕ ನಡೆಯುತ್ತಿದ್ದೆ. ಪ್ರತಿ ಮೈಲಿಯಲ್ಲೂ ಹೇಳಬಹುದಾಗಿತ್ತು.

ಗಾಡಿ ಮನೆ ಮುಂದೆ ನಿಲ್ಲುವ ಮೊದಲೇ ಆ ಸೊಸೆ ಇಳಿದು, “ಅಕ್ಕಾ” ಎಂದು ಕೂಗುತ್ತ ಒಳಗೆ ನಡೆದಳು. ಅಡುಗೆ ಕೋಣೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಕೊಟ್ಟಿಗೆಗೆ. ಕೂಗು ಹತ್ತಿರವಾಗಿ ದೂರವಾಗಿ ನಿಂತಿತು. ನನ್ನ ಹೆಂಡತಿ ಹೇಳಿರಬೇಕು. ಅವಳು ಹೊರಗೆ ಬಂದು ನನ್ನ ಎದುರು ನಿಂತಳು.

“ಯಾವಾಗ?”

“ಆಡಿಯಲ್ಲಿ” ಎಂದೆ.

ಅವಳು ಲೆಕ್ಕ ಹಾಕಿದ್ದು ಮುಖದಲ್ಲೇ ಕಂಡಿತು. ಬೈಯುತ್ತಾಳೆಂದು ಕಾದೆ. ಅವಳು ಗಾಡಿಯ ಕಡೆ ತಿರುಗಿ ಮಾವನನ್ನು ಇಳಿಸಿಕೊಂಡಳು, ಮೂಟೆಗಳನ್ನು ಒಂದೊಂದಾಗಿ ಇಳಿಸಿದಳು.

ಅವರು ಇದ್ದಾರೆ. ನಾಟಿಯಾಯಿತು. ಗಾಣ ತಿರುಗುತ್ತಿದೆ. ಊರವರು ಎಣ್ಣೆಗೆ ಬಂದು ಹೋಗುತ್ತಾರೆ. ಊಟದ ದಿನ ಅವರಿಗೆ ಬೇರೆ ಸಾಲು. ನಾನು ಈಗ ಎರಡು ಕೂಟಕ್ಕೂ ಒಂದೇ ಅಳತೆ ಅಳೆಯುತ್ತೇನೆ, ಅದಕ್ಕೆ ಯಾರೂ ಏನೂ ಹೇಳುವುದಿಲ್ಲ. ಆ ಹೆಂಗಸು ನನ್ನೊಡನೆ ಮಾತಾಡುವುದಿಲ್ಲ. ಮುದುಕ ಮಾತ್ರ ಮೊನ್ನೆ, “ಬರೆಯೋದು ಮರೆತಿಲ್ವಾ ಸ್ವಾಮಿ?” ಎಂದು ಕೇಳಿದ.

ಮೋಸ ತಿಳಿದ ಕೂಡಲೇ ಅವರು ಎದ್ದು ಹೋಗಬಹುದಾಗಿತ್ತು. ಹೋಗಲಿಲ್ಲ. ಹೋಗಲು ಅವರಿಗೆ ಇನ್ನೊಂದು ಊರಿರಲಿಲ್ಲ. ದಿಂಡಿಗಲ್ಲಿನಲ್ಲಿ ಅಕ್ಕನ ಹೆಸರು ಹೇಳಿದಾಗ ಅದೂ ನನಗೆ ಗೊತ್ತಿತ್ತು.